ಮುಂಚೆ ಇದ್ದವರು ಯಾರೂ ಹೇಳಿಲ್ವಂತೆ

"ನೋಡಿ ಮೇಡಂ, ನಿಮಗಿಂತ ಮುಂಚೆ ನಾಲ್ಕು ಫ್ಯಾಮಿಲಿ ಇದ್ದು ಹೋಗಿದ್ದಾರೆ. ಒಬ್ಬರೂ ಸೋರುತ್ತೆ ಅಂತ ಹೇಳಿಲ್ಲ."

ಈ ವಾರ ಪೂರ್ತಿ ನನ್ನ ತಲೆಯಲ್ಲಿ ಓಡುತ್ತಿರುವುದು ನಮ್ಮ ಬಾಡಿಗೆ ಮನೆಯ ಓನರ್ ಫೋನಿನಲ್ಲಿ ಹೇಳಿದ ಈ ಮಾತೇ. ಅವರು ಜೋರು ಮಾಡಲಿಲ್ಲ, ಸಿಡುಕಲೂ ಇಲ್ಲ. ತುಂಬಾ ಸಮಾಧಾನವಾಗಿ ಹೇಳಿದರು. ಬೈದಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ. ಆ ಸಮಾಧಾನದಲ್ಲಿ, ಮನೆ ಸರಿಯಾಗೇ ಇದೆ, ಸರಿಯಿಲ್ಲದವರು ನೀವು ಅನ್ನೋ ಅರ್ಥ ಇತ್ತು.

ಅವರಿಗೆ ಫೋನ್ ಮಾಡುವ ಹೊತ್ತಿಗೆ ನಾವು ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ ಗೋಡೆ ಗುಂಟ ಮಳೆ ನೀರು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸೀಲಿಂಗ್ ಲೈಟಿನ ಅಂಚಿನಿಂದಲೂ ತೊಟ್ಟಿಕ್ಕಲು ಶುರುವಾಯಿತು. ನನ್ನ ಗಂಡ ಮೊದಲು ಓಡಿದ್ದು ಕರೆಂಟ್ ತೆಗೆಯೋಕೆ, ಎಂಸಿಬಿ ಸ್ವಿಚ್ ಇಳಿಸಲು. ಆಮೇಲೆ ಕತ್ತಲಲ್ಲೇ ಮಂಚ ಎಳೆದೆವು. ಬೀರುವಿನ ಹಿಂದಿನ ಹಲಗೆ ಆಗಲೇ ನೆನೆದು ಉಬ್ಬಿತ್ತು. ಕೆಳಗಿನ ಖಾನೆಯಲ್ಲಿ ಮಗಳ ಹಳೆಯ ಫೋಟೋಗಳ ಆಲ್ಬಂ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತಿತ್ತು, ಹಾಗೇ ಬಿಟ್ಟೆ.

ಬೆಳಿಗ್ಗೆ ಆ ಮೂಲೆಯಲ್ಲಿ ಉಬ್ಬಿದ್ದ ಪೇಂಟ್ ತಾನೇ ಕಳಚಿ ಬಿತ್ತು. ಅಂಗೈಯಗಲದ ಚಕ್ಕೆ. ಎಸೆಯಲು ಎತ್ತಿಕೊಂಡವಳು ಅದರ ಅಂಚು ನೋಡಿ ನಿಂತುಬಿಟ್ಟೆ. ಮೇಲೆ ನಮಗೆ ಕಾಣುತ್ತಿದ್ದ ಬಿಳಿ. ಅದರ ಕೆಳಗೆ ಪುಟ್ಟಿ. ಅದರ ಕೆಳಗೆ ತಿಳಿ ಹಸಿರು, ಮತ್ತೆ ಪುಟ್ಟಿ, ಆಮೇಲೆ ಕೆನೆ ಬಣ್ಣ. ಕೆನೆ ಬಣ್ಣದ ಮೇಲೆ ಕಂದು ಕಲೆ ಹರಡಿತ್ತು. ಆ ಕಲೆ ನಮ್ಮ ಕಾಲದ್ದಲ್ಲ. ಚಕ್ಕೆ ಬಿದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ಉಪ್ಪಿನಂಥ ಬಿಳಿ ಪುಡಿ ಇತ್ತು, ಬೆರಳಿಟ್ಟರೆ ಉದುರುತ್ತಿತ್ತು.

ಒಬ್ಬರೂ ಹೇಳಿಲ್ಲ ಅಂದರೆ, ಈ ಮೂಲೆಗೆ ಇಷ್ಟು ಸಲ ಪುಟ್ಟಿ ಮೆತ್ತಿದ್ದು ಯಾಕೆ?

ಗೆಳತಿಯೊಬ್ಬಳು ತನಗೆ ಗೊತ್ತಿದ್ದ ಮೇಸ್ತ್ರಿಯನ್ನು ಕಳಿಸಿದಳು. ವಯಸ್ಸಾದವರು, ಮಾತು ಕಡಿಮೆ. ಒಳಗೆ ಬಂದು ಬಿಳಿ ಪುಡಿ ಮುಟ್ಟಿ ನೋಡಿ, "ಇದು ಒಂದು ರಾತ್ರಿದಲ್ಲ ಅಕ್ಕ" ಅಂದರು. ನೀರು ಗಾರೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದಂತೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅಷ್ಟು ಪುಡಿ ಸೇರಬೇಕಾದರೆ ಎಷ್ಟೋ ಸಲ ನೆನೆದು ಒಣಗಿರಬೇಕು.

ತಾರಸಿಗೆ ಹೋದೆವು. ನಮ್ಮ ಕೋಣೆಯ ನೇರ ಮೇಲೆ ಬಿರುಕು ಏನೂ ಇರಲಿಲ್ಲ. ಅವರು ಅಲ್ಲಿ ನಿಲ್ಲಲೇ ಇಲ್ಲ, ಆ ಕಡೆಯ ಪ್ಯಾರಾಪೆಟ್, ಅಂದರೆ ತಾರಸಿ ಅಂಚಿನ ಗಿಡ್ಡ ಗೋಡೆ ಹತ್ತಿರ ಹೋದರು. ನೀರು ಒಳಗೆ ಹೋಗುವ ಜಾಗ ಒಂದು, ಕೆಳಗೆ ತೊಟ್ಟಿಕ್ಕುವ ಜಾಗ ಇನ್ನೊಂದು. ನಡುವೆ ಸ್ಲ್ಯಾಬಿನಲ್ಲಿ ದಾರಿ ಸಿಕ್ಕ ಕಡೆ ಹರಿಯುತ್ತದೆ. ಗೋಡೆ ಮತ್ತು ತಾರಸಿ ಸೇರುವ ಕಡೆ ಉದ್ದಕ್ಕೆ ಬಿರುಕು ಇತ್ತು. ಅಲ್ಲಿ ನೀರು ನಿಲ್ಲದ ಹಾಗೆ ಗಾರೆಯನ್ನು ಇಳಿಜಾರಾಗಿ ಕಟ್ಟಬೇಕು, ಕಟ್ಟಿರಲಿಲ್ಲ. ತಾರಸಿಗೆ ನೂರು ಅಡಿಗೆ ಒಂದು ಅಡಿಯಾದರೂ ವಾಟ, ಅಂದರೆ ಇಳಿಜಾರು, ಇರಬೇಕು, ಇಲ್ಲಿ ನೀರು ಪೈಪಿನ ಕಡೆ ಹೋಗದೆ ಗೋಡೆ ಕಡೆಗೇ ಬರುತ್ತಿತ್ತು. ಪೈಪಿನ ಬಾಯಿಗೆ ಎಲೆ, ಒಂದು ಪ್ಲಾಸ್ಟಿಕ್ ಕವರ್. ಮೇಸ್ತ್ರಿ ಬಗ್ಗಿ ಕೈ ಹಾಕಿ ಎಳೆದರು. ನಿಂತಿದ್ದ ನೀರು ಗುಳುಗುಳು ಅಂತ ಇಳಿಯಿತು.

"ಈಗಲೇ ಏನಾದರೂ ಹಚ್ಚೋಕಾಗಲ್ವಾ?" ಅಂತ ಕೇಳಿದೆ.

"ಒದ್ದೆ ಮೇಲೆ ಏನು ಹಚ್ಚಿದರೂ ಹಿಡಿಯಲ್ಲ. ಸುಮ್ನೆ ನಿಮ್ಮ ದುಡ್ಡು ತಗೊಂಡ ಹಾಗೆ ಆಗುತ್ತೆ."

ಬಿರುಕಿನ ಮೇಲೆ ತಾತ್ಕಾಲಿಕವಾಗಿ ಟಾರ್ಪಾಲ್ ಬಿಗಿದು ಹೋದರು. ಇನ್ನೊಬ್ಬರಾಗಿದ್ದರೆ ಯಾವುದೋ ಡಬ್ಬ ತಂದು ಬಳಿದು ಹೋಗುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವ ಬಂದಿದೆ.

ಬಾಡಿಗೆಯವರ ಕಷ್ಟ ಇರುವುದೇ ಇಲ್ಲಿ. ಮಳೆ ಬರುವಾಗ ರಿಪೇರಿ ಮಾಡೋಕಾಗಲ್ಲ. ಮಳೆ ನಿಂತ ಮೇಲೆ ತೋರಿಸೋಕೆ ಏನೂ ಇರಲ್ಲ. ಕಲೆ ತೋರಿಸಿದರೆ ಒಂದು ಕೋಟ್ ಪೇಂಟ್ ಹೊಡೆಸುತ್ತಾರೆ, ಅಲ್ಲಿಗೆ ದೂರು ಮುಗಿಯಿತು. ಒಳಗೆ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತಲೇ ಇರುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಬೇಕು, ಅದು ಉಬ್ಬಿ ಕಾಂಕ್ರೀಟನ್ನೇ ಒಡೆದು ಕೆಡವುತ್ತದೆ. ಅಂದರೆ ಓನರ್ ದುಡ್ಡು ಉಳಿಸುತ್ತಿದ್ದೇನೆ ಅಂದುಕೊಂಡು ಹಾಳು ಮಾಡಿಕೊಳ್ಳುತ್ತಿರುವುದು ತಮ್ಮ ಸ್ವಂತ ಆಸ್ತಿಯನ್ನೇ. ಅವರು ಕೆಟ್ಟವರು ಅಂತ ನಾನು ಹೇಳಲ್ಲ. ಬಾಡಿಗೆ ಎರಡು ದಿನ ತಡವಾದರೆ ಒಂದು ಮಾತೂ ಆಡದವರು. ಆದರೆ ತಾವು ಮಲಗದ ಕೋಣೆ ಸೋರಿದರೆ ಅವರಿಗೆ ಅದು ಸೋರಿಕೆ ಅನಿಸುವುದೇ ಇಲ್ಲ.

ತಾರಸಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಸೇರಿದ್ದು, ಅವರನ್ನು ಕೇಳಿ ಅಂತ ಓನರ್ ಅಂದರು. ಅಸೋಸಿಯೇಷನ್‌ನವರು, "ನೀವು ಬಾಡಿಗೆಯವರಾ? ಓನರ್ ಬಂದು ಮಾತಾಡಲಿ" ಅಂದರು. ಮನೆಯೊಳಗೆ ನೀರು ಒರೆಸುವವರು ನಾವು. ಅದರ ಬಗ್ಗೆ ಮಾತಾಡುವ ಹಕ್ಕು ಮಾತ್ರ ನಮಗಿಲ್ಲ.

ಮೊನ್ನೆ ಸಂಜೆ ಒದ್ದೆ ಹಾಸಿಗೆಯನ್ನು ಬಾಗಿಲ ಹೊರಗೆ ಒರಗಿಸಿದ್ದೆ. ಎದುರು ಮನೆ ಆಂಟಿ ನೋಡಿ, "ಅಯ್ಯೋ, ನಿಮಗೂ ಶುರುವಾಯ್ತಾ?" ಅಂದರು.

ನಿಮಗೂ.

"ನಿಮಗಿಂತ ಮುಂಚೆ ಇದ್ದವರೂ ಮಳೆಗಾಲ ಬಂದರೆ ಹಾಲಿನಲ್ಲೇ ಮಲಗೋರು. ಗೋಡೆಗೆ ಬೂಷ್ಟು ಹಿಡಿದಿತ್ತು. ಅವರ ಹುಡುಗನಿಗೆ ಉಬ್ಬಸ ಬೇರೆ. ಆ ತಾಯಿ ಫೋನ್ ಮಾಡಿ ಮಾಡಿ ಸಾಕಾಗಿ ಖಾಲಿ ಮಾಡ್ಕೊಂಡು ಹೋದ್ರು."

ಒಬ್ಬರೂ ಹೇಳಿಲ್ಲ. ಹೇಳಿದ್ದಾರೆ. ಫೋನ್ ಮಾಡಿ ಮಾಡಿ ಹೇಳಿದ್ದಾರೆ. ಅವರು ಹೊರಟ ದಿನ ಅವರ ಮಾತೂ ಅವರ ಜೊತೆ ಹೊರಟುಹೋಯಿತು, ಓನರ್ ಗೋಡೆಗೆ ಬಿಳಿ ಬಳಿಸಿ ನಮ್ಮ ಕೈಗೆ ಬೀಗದ ಕೈ ಕೊಟ್ಟರು. ಹಳೇ ಬಾಡಿಗೆಯವರು ಹೊಸಬರನ್ನು ನೋಡುವುದೇ ಇಲ್ಲ. ಮನೆಗೆ ಏನು ಕಾಯಿಲೆ ಅಂತ ಪ್ರತಿಯೊಬ್ಬರೂ ಮೊದಲಿಂದ ಕಂಡುಹಿಡಿಯಬೇಕು, ಅದೂ ಅಡ್ವಾನ್ಸ್ ಕೊಟ್ಟು, ಸಾಮಾನು ಇಳಿಸಿ, ಮೊದಲ ದೊಡ್ಡ ಮಳೆ ಬಂದ ಮೇಲೆ. ನೋಡಿಲ್ಲದ ಆ ತಾಯಿಯನ್ನು ಈ ವಾರ ಎಷ್ಟು ನೆನೆದಿದ್ದೇನೋ. ಅದೇ ಮೂಲೆ ನೋಡುತ್ತಾ, ಉಬ್ಬಸದ ಮಗುವನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ಸಮಾಧಾನದ ದನಿಯನ್ನು ಅವರೂ ಕೇಳಿಸಿಕೊಂಡಿದ್ದರಲ್ಲ. ಅವರಿಗಿಂತ ಮುಂಚೆ ಇದ್ದವರೂ ಹೇಳಿರಲಿಲ್ಲ ಅಂತಲೇ ಅವರಿಗೂ ಉತ್ತರ ಬಂದಿರಬೇಕು.

ನಿನ್ನೆ ಓನರ್‌ಗೆ ಎಲ್ಲವನ್ನೂ ಬರೆದು ಕಳಿಸಿದೆ. ತಾರೀಖು ಸಮೇತ ಫೋಟೋ, ವಿಡಿಯೋ, ಪೇಂಟ್ ಚಕ್ಕೆಯ ಅಂಚನ್ನು ಹತ್ತಿರದಿಂದ ತೆಗೆದದ್ದು, ತಾರಸಿಯ ಬಿರುಕು. ನನಗೆ ಪೇಂಟ್ ಬೇಡ, ಮಳೆ ಬಿಟ್ಟ ತಕ್ಷಣ ಬಿರುಕು ಕೆತ್ತಿ ತುಂಬಿಸಿ, ವಾಟ ಸರಿಮಾಡಿ, ವಾಟರ್‌ಪ್ರೂಫಿಂಗ್ ಆದ ಮೇಲೆ ತಾರಸಿಯಲ್ಲಿ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ನನ್ನ ಕೋಣೆಯಲ್ಲಿ ನಿಂತು ನೋಡಿ ಅಂತ ಕೇಳಿದ್ದೇನೆ. "ಮಳೆ ನಿಲ್ಲಲಿ, ನೋಡೋಣ" ಅಂತ ಉತ್ತರ ಬಂದಿದೆ.

ಮಾಡಿಸಿದರೆ ಸಂತೋಷ. ಮಾಡಿಸದಿದ್ದರೆ ನಾವೂ ಒಂದು ದಿನ ಖಾಲಿ ಮಾಡುತ್ತೇವೆ. ಆಗ ಮನೆ ನೋಡಲು ಬರುವವರನ್ನು ಮೊದಲು ಆ ಮೂಲೆಗೇ ಕರೆದುಕೊಂಡು ಹೋಗುತ್ತೇನೆ. ಫೋಟೋ ತೋರಿಸಿ, ನನ್ನ ನಂಬರ್ ಕೊಡುತ್ತೇನೆ. ಓನರ್ ಪಕ್ಕದಲ್ಲಿ ನಿಂತಿದ್ದರೂ ಸರಿ.