ಎಷ್ಟು ವರ್ಷಕ್ಕೆ ಅಂತ ಬಂದೆ?

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಬಿದ್ದ ಮೇಪಲ್ ಎಲೆಗಳನ್ನು ಎಳೆದು ಕಾಗದದ ಚೀಲಕ್ಕೆ ತುಂಬುತ್ತಿದ್ದೆ. 2022ರ ನವೆಂಬರ್ ಬಂದರೂ ಕೆನಡಾದ ಒಟ್ಟಾವದಲ್ಲಿ ಅವತ್ತು ಟೀ ಶರ್ಟಿನಲ್ಲೇ ಓಡಾಡುವಷ್ಟು ಬೆಚ್ಚಗಿತ್ತು. ಬೇಲಿಯ ಆಚೆ ಪಕ್ಕದ ಮನೆಯ ಹಿರಿಯರೂ ಅದೇ ಕೆಲಸದಲ್ಲಿದ್ದರು. ಆದರೆ ಅವರ ಮನಸ್ಸು ಅಲ್ಲಿರಲಿಲ್ಲ. ಒಂದೇ ಜಾಗವನ್ನು ಮೂರು ಸಲ ಎಳೆದರು.

ಯಾಕೆ ಅಂತ ಗೊತ್ತಿತ್ತು. ಹಿಂದಿನ ದಿನವೇ ಸುದ್ದಿ ಹೊರಬಿದ್ದಿತ್ತು. ಊರಿನ ಐಸ್ ಹಾಕಿ ಟೀಮ್ ಸೆನೆಟರ್ಸ್ ಮಾರಾಟಕ್ಕಿದೆ.

"ಬೇಜಾರು ಮಾಡ್ಕೋಬೇಡಿ" ಅಂದೆ. "ಟೀಮ್ ಒಟ್ಟಾವದಲ್ಲೇ ಇರಬೇಕು ಅಂತ ಷರತ್ತು ಹಾಕಿದ್ದಾರಲ್ಲ. ಯಾರು ಕೊಂಡರೂ ಬೇರೆ ಊರಿಗೆ ಒಯ್ಯೋಕಾಗಲ್ಲ."

ಅವರು ರೇಕನ್ನು ಬೇಲಿಗೆ ಒರಗಿಸಿ ನನ್ನ ಕಡೆ ತಿರುಗಿದರು.

"ನೀನು ಈ ಊರಿಗೆ ಎಷ್ಟು ವರ್ಷಕ್ಕೆ ಅಂತ ಬಂದೆ?"

"ಎರಡು ವರ್ಷಕ್ಕೆ."

"ಈಗ ಎಷ್ಟಾಯ್ತು?"

"ಹನ್ನೊಂದು."

ಅಷ್ಟೇ. ಮತ್ತೆ ರೇಕ್ ಎತ್ತಿಕೊಂಡರು. ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ಚುಚ್ಚಬೇಕು ಅಂತ ಕೇಳಿದ್ದೂ ಅಲ್ಲ. ಮಾತು ಕೊಡುವವರು ಸುಳ್ಳು ಹೇಳುತ್ತಿರುವುದಿಲ್ಲ, ಕೊಡುವಾಗ ಅದು ನಿಜವೇ ಆಗಿರುತ್ತದೆ, ಆಮೇಲೆ ಏನೇನೋ ಆಗುತ್ತದೆ. ಅವರು ಹೇಳಲು ಹೊರಟಿದ್ದು ಇಷ್ಟೇ ಇರಬೇಕು. ಆದರೆ ಆ ಪ್ರಶ್ನೆ ಈ ವಾರವೆಲ್ಲ ನನ್ನನ್ನು ಬಿಟ್ಟಿಲ್ಲ. ಆಫೀಸಿನಲ್ಲಿ ಮೀಟಿಂಗಿನ ನಡುವೆ ನೆನಪಾಗುತ್ತದೆ. ರಾತ್ರಿ ಪಾತ್ರೆ ತೊಳೆಯುವಾಗ ನೆನಪಾಗುತ್ತದೆ. ಎಷ್ಟು ವರ್ಷಕ್ಕೆ ಅಂತ ಬಂದೆ?

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಅವರ ಅಜ್ಜ ನೋಡುತ್ತಿದ್ದ ಸೆನೆಟರ್ಸ್ ಬೇರೆ ಟೀಮು. ಆ ಟೀಮ್ 1927ರಲ್ಲಿ ಐಸ್ ಹಾಕಿಯ ಅತಿ ದೊಡ್ಡ ಬಹುಮಾನ ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ಏಳೇ ವರ್ಷಕ್ಕೆ, 1934ರಲ್ಲಿ, ದುಡ್ಡಿಲ್ಲದೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೊರಟುಹೋಯಿತು. ಅಲ್ಲಿ ಒಂದೇ ಸೀಸನ್ ಆಡಿ ಮುಚ್ಚಿತು. ಅಜ್ಜ ಸಾಯುವವರೆಗೂ ಅದರ ಮಾತೇ ಆಡುತ್ತಿದ್ದರಂತೆ. ಈ ಊರಿಗೆ ಮತ್ತೆ ಎನ್‌ಎಚ್‌ಎಲ್ (ಅಮೆರಿಕ, ಕೆನಡಾಗಳ ದೊಡ್ಡ ಐಸ್ ಹಾಕಿ ಲೀಗ್) ಟೀಮ್ ಬಂದದ್ದು 1992ರಲ್ಲಿ. ನಡುವೆ 58 ವರ್ಷ. ಅಕ್ಟೋಬರ್ 8ರ ಆ ಮೊದಲ ಪಂದ್ಯಕ್ಕೆ ಪಕ್ಕದ ಮನೆಯವರು ಹೋಗಿದ್ದರು. ಮಾಂಟ್ರಿಯಲ್ ವಿರುದ್ಧ 5-3ರಲ್ಲಿ ಗೆದ್ದದ್ದನ್ನು ನೆನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಾರೆ. ಅವತ್ತಿನಿಂದ ಸೀಸನ್ ಟಿಕೆಟ್ ಬಿಟ್ಟಿಲ್ಲ.

ಆಮೇಲೆ ಅವರ ಕಣ್ಣೆದುರೇ ಒಂದೊಂದಾಗಿ ಟೀಮುಗಳು ಊರು ಬಿಟ್ಟವು. 1995ರಲ್ಲಿ ಕ್ವಿಬೆಕ್ ಸಿಟಿಯ ಟೀಮ್ ಡೆನ್ವರ್‌ಗೆ ಹೋಯಿತು. ಹೋದ ಮರುವರ್ಷವೇ ಅಲ್ಲಿ ಕಪ್ ಗೆದ್ದಿತು. ಕ್ವಿಬೆಕ್‌ನವರಿಗೆ ಅದನ್ನು ಟಿವಿಯಲ್ಲಿ ನೋಡುವಾಗ ಹೇಗಾಗಿರಬೇಡ. 1996ರಲ್ಲಿ ವಿನಿಪೆಗ್‌ನ ಟೀಮ್ ಫೀನಿಕ್ಸ್‌ಗೆ ಹೋಯಿತು. ಅಮೆರಿಕದ ಹಾರ್ಟ್‌ಫರ್ಡ್ ಕತೆ ಇನ್ನೂ ಕಹಿ. ಅಲ್ಲಿನ ಹೊಸ ಮಾಲೀಕರು 1994ರಲ್ಲಿ ಟೀಮ್ ಕೊಂಡಾಗ ನಾಲ್ಕು ವರ್ಷ ಕದಲಿಸುವುದಿಲ್ಲ ಅಂತ ಮಾತು ಕೊಟ್ಟಿದ್ದರು. 1997ಕ್ಕೆ ಟೀಮ್ ನಾರ್ತ್ ಕೆರೊಲಿನಾದಲ್ಲಿತ್ತು. ಇತ್ತ ಕ್ವಿಬೆಕ್ ಸಿಟಿ 2015ರಲ್ಲಿ ದೊಡ್ಡ ಹೊಸ ಅರೇನಾ ಕಟ್ಟಿಕೊಂಡು ಟೀಮಿಗಾಗಿ ಕಾಯುತ್ತಿದೆ. ಒಟ್ಟಾವದಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆ ದೂರ. ಇಲ್ಲಿನವರಿಗೆ ನಿದ್ದೆ ಹೇಗೆ ಬರಬೇಕು?

ಸೆನೆಟರ್ಸ್‌ನ ತೀರಿಹೋದ ಮಾಲೀಕರ ಬಗ್ಗೆಯೂ ಹೇಳಿಬಿಡುತ್ತೇನೆ. 2003ರಲ್ಲಿ ಟೀಮ್ ದಿವಾಳಿಯಾದಾಗ ಅದನ್ನು ಕೊಂಡು ಉಳಿಸಿದವರು ಯೂಜೀನ್ ಮೆಲ್ನಿಕ್. ಅದನ್ನು ಯಾರೂ ಮರೆಯಬಾರದು. ಆದರೆ 2017ರ ಡಿಸೆಂಬರಿನಲ್ಲಿ, ಊರೆಲ್ಲ ತೆರೆದ ಬಯಲಿನಲ್ಲಿ ನಡೆಯುವ ವಿಶೇಷ ಪಂದ್ಯದ ಸಂಭ್ರಮದಲ್ಲಿದ್ದಾಗ, ಜನ ಬರದಿದ್ದರೆ ಟೀಮನ್ನು ಬೇರೆ ಕಡೆ ಒಯ್ಯುವ ಮಾತಾಡಿದವರೂ ಅವರೇ. ಪಕ್ಕದ ಮನೆಯವರ ನಂಬಿಕೆ ಒಡೆದದ್ದು ಅವತ್ತು. ಮರುವರ್ಷ ಅಭಿಮಾನಿಗಳು ದುಡ್ಡು ಸೇರಿಸಿ, ಮೆಲ್ನಿಕ್ ಹೊರಗೆ ಹೋಗಲಿ ಅಂತ ಊರಲ್ಲಿ ಬೋರ್ಡ್ ಹಾಕಿಸಿದರು. ಪಕ್ಕದ ಮನೆಯವರು ಅದಕ್ಕೆ ದುಡ್ಡು ಕೊಡಲಿಲ್ಲ. ಉಳಿಸಿದ ಮನುಷ್ಯನ ಹೆಸರನ್ನು ಹಾಗೆ ಬೀದಿಯಲ್ಲಿ ಬರೆಸಬಾರದು ಅಂದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆಗಲೇ. 2022ರ ಮಾರ್ಚ್‌ನಲ್ಲಿ ಮೆಲ್ನಿಕ್ ತೀರಿಕೊಂಡರು. ಟೀಮ್ ಇಬ್ಬರು ಹೆಣ್ಣುಮಕ್ಕಳ ಕೈಗೆ ಬಂತು. ಟೀಮ್ ಇಲ್ಲೇ ಇರಬೇಕು ಅನ್ನುವ ಷರತ್ತಿಟ್ಟೇ ಮಾರಲು ಹೊರಟರು ಅನ್ನುವುದು ದೊಡ್ಡ ಮಾತು. ಜಾಸ್ತಿ ದುಡ್ಡು ಕೊಡುವ ಬೇರೆ ಊರಿನವರಿಗೂ ಬಾಗಿಲು ತೆರೆದಿಡಬಹುದಿತ್ತು, ಅಲ್ವಾ?

ಮಂಗಳವಾರ ವ್ಯಾಂಕೂವರ್ ಜೊತೆ ಪಂದ್ಯ. ಪಕ್ಕದ ಮನೆಯವರ ಹೆಂಡತಿಗೆ ಮಂಡಿ ನೋವು. ಅವರ ಟಿಕೆಟ್ಟಿನಲ್ಲಿ ನಾನು ಹೋದೆ. ಅರೇನಾ ಇರುವುದು ಊರಂಚಿನ ನಮ್ಮ ಕನಾಟಾ ಬಡಾವಣೆಯಲ್ಲೇ. ಆಫೀಸಿಗೆ ಹೋಗುವಾಗ ದಿನಾ ಕಾಣುತ್ತದೆ. ಊರ ನಡುವಿನಿಂದ ಬರುವವರಿಗೆ ಮಾತ್ರ ದೂರ. ವಾರದ ದಿನ ಸೀಟು ತುಂಬದೇ ಇರುವುದಕ್ಕೆ ಅದೂ ಒಂದು ಕಾರಣ. ಅದಕ್ಕೇ ಊರ ನಡುವೆ ಲೆಬ್ರೆಟನ್ ಫ್ಲ್ಯಾಟ್ಸ್‌ನಲ್ಲಿ ಹೊಸ ಅರೇನಾ ಕಟ್ಟಬೇಕು ಅಂತ ಆಗಲೇ ಎಷ್ಟೋ ವರ್ಷದಿಂದ ಓಡಾಡುತ್ತಿದ್ದರು.

ಅವತ್ತು ನಟ ರಯಾನ್ ರೆನಾಲ್ಡ್ಸ್ ಬಂದಿದ್ದರು. ಟೀಮ್ ಕೊಳ್ಳುವುದರಲ್ಲಿ ಪಾಲು ತೆಗೆದುಕೊಳ್ಳುವ ಆಸೆ ಇದೆ ಅಂತ ಅವರೇ ಹೇಳಿದ್ದರು. ಚಿಕ್ಕಂದಿನಲ್ಲಿ ಕೆಲವು ಕಾಲ ಇಲ್ಲಿನ ವ್ಯಾನಿಯೆಯಲ್ಲಿ ಬೆಳೆದವರಂತೆ. ದೊಡ್ಡ ಪರದೆಯ ಮೇಲೆ ಅವರ ಮುಖ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಿವಿ ಕಿವುಡಾಗುವಷ್ಟು ಗದ್ದಲ. ನಾನೂ ಎದ್ದೆ. ಪಕ್ಕಕ್ಕೆ ನೋಡಿದರೆ ಇವರೂ ಎದ್ದಿದ್ದರು. ಚಪ್ಪಾಳೆ ತಟ್ಟುತ್ತಿರಲಿಲ್ಲ. ಎರಡೂ ಕೈಯಲ್ಲಿ ಟೋಪಿ ಹಿಡಿದು ಪರದೆಯನ್ನೇ ನೋಡುತ್ತಿದ್ದರು. ನಮ್ಮೂರಲ್ಲಿ ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಾಗ ಅಪ್ಪಂದಿರು ನಿಲ್ಲುತ್ತಾರಲ್ಲ, ಹಾಗೆ. ಆಟ ಸೋತೆವು. ಅದರ ಬಗ್ಗೆ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.

ನಾನು ಕೊಡಗಿನವನು. ಹಾಕಿ ಅಂದರೆ ನನಗೆ ಹುಲ್ಲಿನ ಮೈದಾನ, ಕೆಂಪು ಧೂಳು, ಏಪ್ರಿಲ್ ಬಿಸಿಲು. ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಅರ್ಥವಾಗಲು ಮೂರು ಚಳಿಗಾಲ ಬೇಕಾಯಿತು. ಆದರೆ ಟೀಮ್ ಮಾರಾಟಕ್ಕಿದೆ ಅನ್ನುವ ಮಾತು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗುವುದಿಲ್ಲ. ನಮ್ಮಲ್ಲಿ ಟೀಮ್ ಅಂದರೆ ಒಕ್ಕ, ಮನೆತನ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೌಟುಂಬಿಕ ಹಾಕಿ ಉತ್ಸವ ಶುರು ಮಾಡಿದಾಗ 60 ಮನೆತನಗಳು ಆಡಿದವು. ಬರಬರುತ್ತಾ ಅದು 300 ದಾಟಿತು. ಒಂದೊಂದು ವರ್ಷ ಒಂದೊಂದು ಮನೆತನ ಅದನ್ನು ನಡೆಸುತ್ತದೆ. ಜೆರ್ಸಿ ಮೇಲೆ ಇರುವುದು ಮನೆ ಹೆಸರು. ಚಿಕ್ಕಪ್ಪ ಗೋಲಿ, ಅವರ ಮಗಳು ಫಾರ್ವರ್ಡ್, ನಾನು ಲೆಫ್ಟ್ ಹಾಫ್. ಇದನ್ನು ಯಾರು ಕೊಳ್ಳುತ್ತಾರೆ? ಎಷ್ಟು ಕೋಟಿ ಕೊಟ್ಟರೂ ನಮ್ಮ ಮನೆ ಹೆಸರನ್ನು ಇನ್ನೊಂದು ಊರಿಗೆ ಒಯ್ಯೋಕಾಗುತ್ತಾ?

ಮೊದಲೊಮ್ಮೆ ಪಕ್ಕದ ಮನೆಯವರಿಗೆ ಇದನ್ನು ಹೆಮ್ಮೆಯಿಂದ ಹೇಳಿದ್ದೆ. ಅವರು ಬಾಯಿ ಬಿಟ್ಟು ಕೇಳಿದ್ದರು. ಮಾಲೀಕನೇ ಇಲ್ಲದ ಟೀಮಾ ಅಂತ ಎರಡೆರಡು ಸಲ ಕೇಳಿದ್ದರು.

ಈಗ ಆ ಹೆಮ್ಮೆ ಹಾಗೇ ಉಳಿದಿಲ್ಲ. 2018ರ ಮಳೆಗೆ ಗುಡ್ಡ ಕುಸಿದ ಮೇಲೆ ಉತ್ಸವ ನಿಂತಿತು. ಆಮೇಲೆ ಕೊರೋನಾ ಬಂತು. ಮುಂದಿನ ವರ್ಷ, 2023ರಲ್ಲಿ, ಮತ್ತೆ ನಡೆಯುತ್ತದೆ ಅನ್ನುವ ಮಾತಿತ್ತು. ಅದನ್ನೇ ಕೇಳಲು ಗುರುವಾರ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ನಡೆದರೆ ನಡೆಯಲಿ. ಆಡೋಕೆ ಜನ ಎಲ್ಲಿ ಮಾರಾಯ?" ಅಂದರು. "ಮನೆಯಲ್ಲಿ ಸ್ಟಿಕ್ ಹಿಡಿಯೋರು ಐದು ಜನ ಇದ್ದೇವೆ. ನನ್ನನ್ನೂ ಸೇರಿಸಿ."

ಚಿಕ್ಕಪ್ಪನಿಗೆ 61 ವರ್ಷ.

ಉಳಿದವರನ್ನು ಲೆಕ್ಕ ಹಾಕಿದೆವು. ಬೆಂಗಳೂರಿನಲ್ಲಿ ನಾಲ್ವರು. ದುಬೈನಲ್ಲಿ ಒಬ್ಬ. ಸೇನೆಯಲ್ಲಿ ಇಬ್ಬರು, ರಜೆ ಸಿಕ್ಕರೆ ಬರುತ್ತಾರೆ. ಸಿಡ್ನಿಯಲ್ಲಿ ಒಬ್ಬಳು. ಆಮೇಲೆ ನಾನು. ಹೇಳುತ್ತಾ ಹೋದ ಹಾಗೆ ನನ್ನ ದನಿ ಸಣ್ಣದಾಯಿತು. ನಮ್ಮ ಟೀಮನ್ನು ಯಾರೂ ಕೊಳ್ಳಲಿಲ್ಲ. ಯಾವ ಮಾಲೀಕನೂ ರಾತ್ರೋರಾತ್ರಿ ಲಾರಿಗೆ ತುಂಬಿಕೊಂಡು ಹೋಗಲಿಲ್ಲ. ಒಬ್ಬೊಬ್ಬರಾಗಿ ನಾವೇ ಹೊರಟೆವು. ಎಲ್ಲರೂ ಎರಡು ವರ್ಷಕ್ಕೆ ಅಂತಲೇ ಹೇಳಿ ಹೊರಟವರು. ಅಪ್ಪ ನನ್ನನ್ನು ಮಡಿಕೇರಿಯಲ್ಲಿ ಬಸ್ ಹತ್ತಿಸುವಾಗ ಸ್ಟಿಕ್ ಅಟ್ಟದ ಮೇಲೆ ಹಾಕಬೇಡ, ಬಾಗಿಲ ಹಿಂದೆಯೇ ಇರಲಿ ಅಂದಿದ್ದರು. ಅವರು ಹೋಗಿ ಆರು ವರ್ಷವಾಯಿತು. ಸ್ಟಿಕ್ ಈಗಲೂ ಬಾಗಿಲ ಹಿಂದೆಯೇ ಇದೆಯಂತೆ.

ಇಲ್ಲಿ ಟೀಮ್ ಹೋದರೆ ಬೈಯಲು ಒಬ್ಬ ಮಾಲೀಕನಾದರೂ ಸಿಗುತ್ತಾನೆ. ಬೋರ್ಡ್ ಹಾಕಿಸಬಹುದು. ಲೀಗ್ ಒಪ್ಪದಿದ್ದರೆ ತಡೆಯಲೂಬಹುದು. 2009ರಲ್ಲಿ ಫೀನಿಕ್ಸ್ ಟೀಮನ್ನು ಕೊಂಡು ಹ್ಯಾಮಿಲ್ಟನ್‌ಗೆ ಒಯ್ಯಬೇಕೆಂದವರನ್ನು ಲೀಗ್ ಕೋರ್ಟಿನಲ್ಲಿ ನಿಂತು ತಡೆಯಿತು. ಚಿಕ್ಕಪ್ಪ ಯಾರ ಮೇಲೆ ಬೋರ್ಡ್ ಹಾಕಿಸಬೇಕು? ಅಂಗಳದಲ್ಲಿ ಚೆಂಡು ಹೊಡೆಯಲು ಕಲಿಸಿದ ಮಕ್ಕಳ ಮೇಲಾ?

ಪಕ್ಕದ ಮನೆಯವರ ಟೀಮ್ ಉಳಿಯಲಿ ಅಂತ ಮನಸಾರೆ ಬಯಸುತ್ತೇನೆ. ಹೊಸ ಮಾಲೀಕರು ಯಾರೇ ಆಗಲಿ, 30 ವರ್ಷ ಸೀಸನ್ ಟಿಕೆಟ್ ಬಿಡದ ಈ ಮನುಷ್ಯನ ಪಕ್ಕ ಒಂದು ಪಂದ್ಯ ನೋಡಲಿ. ಪೆಟ್ಟಿಗೆಯಂಥ ಗಾಜಿನ ಕೋಣೆಯಲ್ಲಿ ಅಲ್ಲ, ಅವರ ಪಕ್ಕದಲ್ಲಿ.

ಫೋನಿಡುವ ಮುಂಚೆ ಚಿಕ್ಕಪ್ಪನಿಗೆ ಹೇಳಿದೆ. "ಉತ್ಸವ ನಡೆಯೋದು ಖಾತ್ರಿಯಾದರೆ ಲೆಫ್ಟ್ ಹಾಫ್‌ಗೆ ನನ್ನ ಹೆಸರು ಬರೀರಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ತೋಟದಲ್ಲಿ ಯಾವುದೋ ಹಕ್ಕಿ ಕೂಗುವುದು ಕೇಳಿಸಿತು.

"ಎಷ್ಟು ದಿನಕ್ಕೆ ಅಂತ ಬರ್ತೀಯ?" ಅಂದರು.

ಎರಡು ವಾರ ಅನ್ನಲು ಬಾಯಿ ತೆರೆದೆ. ಹೇಳಲಿಲ್ಲ. ರಜೆ ಎಷ್ಟು ಸಿಗುತ್ತೆ ನೋಡಿ ಭಾನುವಾರ ಮತ್ತೆ ಫೋನ್ ಮಾಡ್ತೀನಿ ಅಂದೆ.