ಚೆಕ್ಕುಬಂದಿಯಲ್ಲಿ ಸಿಕ್ಕಿದ ಸುರಂಗ

"ಡಿಜಿಟಲ್ ಸರ್ವೆಯವರು ಬರುತ್ತಾರಂತೆ, ಹಳೇ ಕಾಗದ ಏನಿದೆ ನೋಡಿಡು" ಎಂದು ಭಾವ ಫೋನ್ ಮಾಡಿದ್ದರು. ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ನಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಹಿರಿಮನೆಯ, ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ತೆರೆದೆ. ಮೇಲ್ಗಡೆ ತೀರ್ವೆ (ಭೂಕಂದಾಯ) ರಸೀದಿಗಳು. ಅದರಡಿ ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ. ಎಲ್ಲಕ್ಕಿಂತ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟ 1911ರ ಮೂಲಗೇಣಿ ಚೀಟು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು.

ಮೂಲಗೇಣಿ ಎಂದರೆ ಶಾಶ್ವತ ಗೇಣಿ. ತಲೆಮಾರು ಕಳೆದರೂ ಒಕ್ಕಲನ್ನು ಏಳಿಸುವ ಹಾಗಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಯೇ ಇಲ್ಲವಾಯಿತು, ಉಳುವವನಿಗೆ ಪಟ್ಟಯ ಸಿಕ್ಕಿತು. ಆಮೇಲೆ ಈ ಚೀಟನ್ನು ಯಾರೂ ಬಿಡಿಸಿ ನೋಡಿದ ಹಾಗಿಲ್ಲ.

ಓದಲು ಎರಡು ಸಂಜೆ ಬೇಕಾಯಿತು. ಪದಗಳ ಮಧ್ಯೆ ಜಾಗವೇ ಇಲ್ಲ. ಎಲ್ಲೆಲ್ಲೂ 'ಸದ್ರಿ', 'ಯಾನೆ', 'ಬಾಬ್ತು'. ನಮ್ಮ ಊರು 1956ರ ನವೆಂಬರ್ 1ರ ತನಕ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಹಳೆಯ ದಾಖಲೆಗಳೆಲ್ಲ ಕನ್ನಡದವು. ಭಾವನ ಮಗಳು ಮಲಯಾಳಂ ಮಾಧ್ಯಮದಲ್ಲಿ ಓದಿದವಳು. ಪಕ್ಕ ಕೂತು, "ಮಾವ, ಇದು ಕನ್ನಡವೇನಾ?" ಎಂದು ಕೇಳಿದಳು. ನನಗೆ ಸಂಕಟವಾಯಿತು. ಇಂಥ ಪೆಟ್ಟಿಗೆ ನಮ್ಮಲ್ಲಿ ಎಷ್ಟು ಮನೆಯ ಅಟ್ಟದಲ್ಲಿರಬಹುದು! ಓದುವವರು ಕಡಿಮೆಯಾಗುತ್ತಿದ್ದಾರೆ, ಗೆದ್ದಲು ಕಡಿಮೆಯಾಗುತ್ತಿಲ್ಲ.

ಚೀಟಿನಲ್ಲಿ ಧನಿಯ ಹೆಸರಿದೆ, ಒಕ್ಕಲಿನ ಹೆಸರಿದೆ, ಇಬ್ಬರು ಸಾಕ್ಷಿಗಳದ್ದಿದೆ, ಬರೆದವನದ್ದೂ ಇದೆ. ವರ್ಷಕ್ಕೆ ಎಷ್ಟು ಮುಡಿ ಅಕ್ಕಿ ಎಂಬ ಲೆಕ್ಕವಿದೆ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಕೊನೆಯಲ್ಲಿ ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ. ಮೂಡು ತೋಡು, ತೆಂಕು ಗದ್ದೆಯ ಕಟ್ಟಪುಣಿ (ಬದು), ಪಡು ಕಾಲುದಾರಿ. ಬಡಗು: 'ಸುರಂಗದ ಕಣಿ', ಅಂದರೆ ಸುರಂಗದ ನೀರು ಹರಿಯುವ ಸಣ್ಣ ಕಾಲುವೆ.

ಬಡಗು ದಿಕ್ಕಿನಲ್ಲಿ ನಮಗೆ ಸುರಂಗ ಇಲ್ಲವಲ್ಲ! ಇರುವ ಒಂದೇ ಸುರಂಗ ಮೂಡಲ ಬದಿಯದ್ದು. ಅದನ್ನು ನನ್ನ ಅಜ್ಜ ತೋಡಿಸಿದ್ದು.

ಸುರಂಗ ಎಂದರೆ ನಮ್ಮ ಕಡೆ ನೀರಿನ ಸುರಂಗ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಕೊರೆಯುತ್ತಾರೆ. ಒಸರು ಸಿಗುವ ತನಕ ತೋಡುತ್ತಲೇ ಹೋಗಬೇಕು. ನೀರು ಇಳಿಜಾರಿಗೆ ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಹಗ್ಗ ಬೇಡ. ಎಷ್ಟೋ ಅಡಿಕೆ ತೋಟಗಳು ಬದುಕಿದ್ದು ಇದರಿಂದಲೇ.

ಮರುದಿನ ಬೆಳಿಗ್ಗೆ ಸುರಂಗ ತೋಡುವ ಊರಿನ ಅಜ್ಜರೊಬ್ಬರನ್ನು ಕರೆದುಕೊಂಡು ಬಡಗಿನ ಗುಡ್ಡೆಗೆ ಹೋದೆವು. ಅವರಿಗೆ ಎಪ್ಪತ್ತು ದಾಟಿದೆ. ಈಗ ಎಲ್ಲರೂ ಕೊಳವೆಬಾವಿಯ ಹಿಂದೆ ಬಿದ್ದಿದ್ದಾರೆ, ಅವರಿಗೆ ಕೆಲಸವಿಲ್ಲ. ನಾನು ಚೀಟಿನ ಸಾಲು ಓದಿ ಹೇಳಿದೆ. ಅವರು ಕಾಗದ ನೋಡಲೇ ಇಲ್ಲ. ಕಾಡುಬಳ್ಳಿಯ ನಡುವೆ, ಏಪ್ರಿಲಿನಲ್ಲೂ ಹಸಿರಾಗಿದ್ದ ಒಂದು ತಗ್ಗಿನ ಎದುರು ನಿಂತು, "ಇಲ್ಲಿ ಜರಿ ಗಿಡ ಸುಮ್ನೆ ಬರುವುದಿಲ್ಲ ಅಣ್ಣೇರೆ" ಎಂದರು.

ಹಾರೆ, ಬುಟ್ಟಿ ತಂದೆವು. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಜರಿದ ಮಣ್ಣು ಸರಿಯಿತು. ಕಮಾನಿನ ಹಾಗೆ ಕಡಿದ ಬಾಯಿ ಕಂಡಿತು. ನನ್ನ ಎದೆ ಜೋರಾಗಿ ಬಡಿಯುತ್ತಿತ್ತು. ಒಳಗಿಂದ ತಣ್ಣನೆಯ ಗಾಳಿ, ಒದ್ದೆ ಕಲ್ಲಿನ ವಾಸನೆ. ಅಜ್ಜರು ನಮ್ಮನ್ನು ಹೊರಗೇ ನಿಲ್ಲಿಸಿ ಮೇಣದಬತ್ತಿ ಹಚ್ಚಿಕೊಂಡು ಬಗ್ಗಿ ಹೋದರು. ಜ್ವಾಲೆ ಕುಗ್ಗಿದರೆ ಉಸಿರಾಡುವ ಗಾಳಿ ಇಲ್ಲವೆಂದು ಲೆಕ್ಕ, ಕೂಡಲೇ ಹಿಂದೆ ಬರಬೇಕು. ಸ್ವಲ್ಪ ಹೊತ್ತಿಗೆ ಬಂದರು. ನಾಲ್ಕು ಕೋಲಿನಾಚೆ ಮಾಡು ಕುಸಿದಿದೆಯಂತೆ. ಕೋಲು ಎಂದರೆ 72 ಸೆಂಟಿಮೀಟರ್, ಬಾವಿ ಸುರಂಗಗಳಿಗೆ ಇಲ್ಲಿ ಈಗಲೂ ಅದೇ ಅಳತೆ.

ಆಮೇಲೆ ಅವರು ನನ್ನನ್ನು ಬಾಯಿಯ ಹತ್ತಿರ ಕರೆದರು. ಗೋಡೆಯ ಮೇಲೆ ಪಿಕ್ಕಾಸಿನ ಗುರುತುಗಳು, ನಿನ್ನೆ ಕಡಿದ ಹಾಗೆ. ಒಂದು ಬದಿಯಲ್ಲಿ ದೀಪ ಇಡುವ ಸಣ್ಣ ಗೂಡು. ಅದರ ಮೇಲೆ ಹಳೆಯ ಮಸಿ.

"ಗುರುತು ಯಾವ ಕಡೆ ವಾಲಿದೆ ನೋಡಿ. ನನ್ನದು ಹೀಗೆ ಬೀಳುವುದಿಲ್ಲ. ಇವನು ಎಡಗೈಯವ."

ಚೀಟಿನಲ್ಲಿ ಅಷ್ಟೊಂದು ಹೆಸರುಗಳಿವೆ. ಈ ಸುರಂಗ ತೋಡಿದವನ ಹೆಸರು ಮಾತ್ರ ಇಲ್ಲ. ಬಗ್ಗಿ, ಒಂದು ದೀಪದ ಬೆಳಕಲ್ಲಿ, ಬುಟ್ಟಿ ಬುಟ್ಟಿ ಮಣ್ಣು ಹೊರಗೆ ಎಳೆಸಿದವನು ಅವನು. ಅವನು ತರಿಸಿದ ನೀರಿನ ಕಣಿಯೇ ನಮ್ಮ ಜಾಗದ ಗಡಿಯಾಯಿತು. ನಾನು ಆ ಗುರುತುಗಳ ಮೇಲೆ ಎಡಗೈ ಇಟ್ಟು ತುಂಬ ಹೊತ್ತು ನಿಂತಿದ್ದೆ.

ಭಾವನ ಮಗಳು ಫೋಟೋ ತೆಗೆದಳು, ಟೇಪು ಹಿಡಿದು ಬಾಯಿಯ ಅಗಲ ಎತ್ತರ ಬರೆದುಕೊಂಡಳು. ಸಂಜೆ ಚೀಟಿನ ಕನ್ನಡವನ್ನು ನಾನು ಓದಿ ಹೇಳಿದೆ, ಅವಳು ಮಲಯಾಳಂ ಲಿಪಿಯಲ್ಲಿ ಬರೆದುಕೊಂಡಳು. 'ಬಡಗು' ಬಂದಾಗ ನಿಲ್ಲಿಸಿ, "ಇದರ ಪಕ್ಕ ಎಡಗೈಯವನ ಸುರಂಗ ಅಂತ ಬರೆಯಲಾ ಮಾವ?" ಎಂದಳು. ಬರೆ ಎಂದೆ.