ಕೈ ಹಿಂದಕ್ಕೆ ಕಟ್ಟಿಕೊಂಡು

ಅಲ್ಟ್ರಾಸೌಂಡ್ ಮಷಿನ್ನಿನ ಪ್ರೋಬ್, ಅಂದರೆ ಮೈಗೆ ಒತ್ತಿ ಹಿಡಿಯುವ ಭಾಗ, ನನ್ನ ಕೈಯಲ್ಲಿದ್ದರೆ ಹತ್ತು ಸೆಕೆಂಡಿನ ಕೆಲಸ. ಬಲಗಡೆ ಪಕ್ಕೆಲುಬಿನ ಸಂದಿಗೆ ಇಟ್ಟು ಒಂಚೂರು ವಾಲಿಸಿದರೆ ಲಿವರ್, ಅದಕ್ಕೆ ಒರಗಿಕೊಂಡ ಕಿಡ್ನಿ, ಎರಡರ ನಡುವೆ ತೆಳ್ಳನೆಯ ಬಿಳಿ ಗೆರೆ. ಪೆಟ್ಟುಬಿದ್ದು ಬಂದವರ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ, ಅಂಗಾತ ಮಲಗಿಸಿದಾಗ ಅದು ಹರಿದುಬಂದು ನಿಲ್ಲುವ ತಗ್ಗುಗಳಲ್ಲಿ ಇದೂ ಒಂದು. ಆಗ ಬಿಳಿ ಗೆರೆಯ ಜಾಗದಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಮಾರಿಸನ್ ಪೌಚ್ ಅನ್ನುತ್ತೇವೆ. ಹಾಸಿಗೆ ಪಕ್ಕದ ಸ್ಕ್ಯಾನ್ ಕಲಿಸುವಾಗ ನಾನು ಶುರುಮಾಡುವುದು ಇಲ್ಲಿಂದಲೇ. ಕೇಳುವ ಪ್ರಶ್ನೆಯೂ ಒಂದೇ: ನೀರು, ಅಂದರೆ ಸೋರಿ ನಿಂತ ದ್ರವ, ಇದೆಯೋ ಇಲ್ಲವೋ?

ಮೊದಮೊದಲು ನನ್ನ ಪಾಠವೂ ಹತ್ತು ಸೆಕೆಂಡಿನಲ್ಲೇ ಮುಗಿಯುತ್ತಿತ್ತು. ಯಾರಾದರೂ ತಡಕಾಡಿದರೆ "ಕೊಡಿ ಇಲ್ಲಿ" ಅಂತ ಪ್ರೋಬ್ ಇಸಿದುಕೊಂಡು, ಚಿತ್ರ ತೋರಿಸಿ, ವಾಪಸ್ ಕೊಡುತ್ತಿದ್ದೆ. ಒಬ್ಬ ವಿದ್ಯಾರ್ಥಿ ಒಂದು ದಿನ ಸುಮ್ಮನೆ ಅಂದುಬಿಟ್ಟ: "ನಿಮ್ಮ ಕೈಯಲ್ಲಿ ಬರುತ್ತೆ ಮೇಡಂ, ನಮ್ಮ ಕೈಗೆ ಬಂದ ತಕ್ಷಣ ಹೋಗುತ್ತೆ." ಅವತ್ತಿನಿಂದ ಮಷಿನ್ ಆನ್ ಆಗುತ್ತಿದ್ದಂತೆ ನನ್ನ ಕೈ ಎರಡೂ ಬೆನ್ನ ಹಿಂದೆ.

ಕೈ ಕಟ್ಟಿದ ಮೇಲೆ ಬಾಯಿ ಎಷ್ಟು ಬಡವಾಗಿದೆ ಅಂತ ಗೊತ್ತಾಯಿತು. "ಸ್ವಲ್ಪ ಆ ಕಡೆ" ಅಂದರೆ ಯಾವ ಕಡೆ? ತಲೆ ಕಡೆಯೋ, ಬೆನ್ನ ಕಡೆಯೋ? ಪ್ರೋಬನ್ನು ಜಾರಿಸುವುದು ಬೇರೆ. ಇದ್ದಲ್ಲೇ ಟಾರ್ಚಿನ ಬೆಳಕು ಆಡಿಸಿದ ಹಾಗೆ ವಾಲಿಸುವುದು ಬೇರೆ. ಬೀಗದಲ್ಲಿ ಕೀಲಿಕೈ ತಿರುಗಿಸಿದಂತೆ ತಿರುಗಿಸುವುದು ಇನ್ನೊಂದು. ಕಲಿಯುವವರ ಕೈ ಈ ಮೂರನ್ನೂ ಒಟ್ಟಿಗೇ ಮಾಡುತ್ತದೆ. ಸಿಕ್ಕ ಚಿತ್ರ ತಪ್ಪಿಹೋಗುವುದು ಹೀಗೆ, ಯಾಕೆ ತಪ್ಪಿತು ಅಂತ ಕೈಗೂ ಗೊತ್ತಾಗುವುದಿಲ್ಲ.

ನಾನು ಹೇಳಹೊರಟ ದಿನ ಐದು ಜನರಿದ್ದರು, ಮಷಿನ್ ಒಂದು. ಮಲಗಲು ಅವರಲ್ಲೇ ಒಬ್ಬ ಮುಂದೆ ಬಂದ, ತೆಳ್ಳಗಿನ ಹುಡುಗ. ಅಂಥವರಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ನನಗೂ ಖುಷಿಯಾಯಿತು. ಕಿಬ್ಬೊಟ್ಟೆ ನೋಡುವಾಗ ತುಂಬಿದ ಮೂತ್ರಕೋಶವೇ ನಮಗೆ ಕಿಟಕಿ. ಅದಕ್ಕೇ ಚೆನ್ನಾಗಿ ನೀರು ಕುಡಿದು ಬಾ, ಮುಗಿಯುವವರೆಗೆ ತಡೆದುಕೋ ಅಂದಿದ್ದೆ. ಸೊಂಟದ ಪಟ್ಟಿಗೆ ಟವೆಲ್ ಸಿಕ್ಕಿಸಿ ಜೆಲ್ ಹಾಕಿದರೆ ತಣ್ಣಗಾಗಿ ಬೆಚ್ಚಿಬಿದ್ದ.

ಮೊದಲ ಸರದಿ ಕನ್ನಡಕದ ಹುಡುಗಿಯದು. ಪ್ರೋಬನ್ನು ಪೆನ್ನಿನ ಹಾಗೆ ಮೇಲಿನಿಂದ ಹಿಡಿದಿದ್ದಳು. ಆಧಾರವೇ ಇಲ್ಲದ ಕೈ ಗಾಳಿಯಲ್ಲಿ ತೇಲುತ್ತಿತ್ತು. "ಏನೂ ಬರ್ತಿಲ್ಲ ಮೇಡಂ." ಬರುವುದಾದರೂ ಹೇಗೆ? ಪ್ರೋಬಿಗೂ ಚರ್ಮಕ್ಕೂ ನಡುವೆ ಗಾಳಿ ಸೇರಿದರೆ ಶಬ್ದವೆಲ್ಲ ಹೆಚ್ಚುಕಡಿಮೆ ಅಲ್ಲೇ ತಿರುಗಿಬಿಡುತ್ತದೆ, ಜೆಲ್ ಹಾಕುವುದೇ ಆ ಗಾಳಿಯನ್ನು ಹೊರಗಿಡಲು. "ಕಿರುಬೆರಳು ಅವನ ಪಕ್ಕೆಗೆ ಊರಮ್ಮ. ಅಂಗೈ ಬುಡ ಕೂಡ." ಕೈ ಊರಿದ್ದೇ ನಡುಕ ನಿಂತಿತು. ಪರದೆಯ ಮೇಲೆ ಲಿವರ್ ಬಂತು, ಅದನ್ನು ಸೀಳಿಕೊಂಡು ಒಂದು ಕರಿ ನೆರಳೂ ಬಂತು. "ಇದು ಪಕ್ಕೆಲುಬಿನದು. ಎಲುಬಿನ ಆಚೆಗೆ ಶಬ್ದ ಹೋಗಲ್ಲ. ಸಂದಿಗೆ ಸರಿಯಾಗಿ ತಿರುಗಿಸು, ಜಾರಿಸಬೇಡ." ತಿರುಗಿಸಿದಳು. ನೆರಳು ಬದಿಗೆ ಸರಿಯಿತು.

ನಡುವೆ ಒಬ್ಬ ಗೇನ್ ಗುಂಡಿ ಹಿಡಿದು ಪರದೆಯನ್ನೆಲ್ಲ ಬೆಳ್ಳಗೆ ಮಾಡಿದ. ಇದು ಎಲ್ಲ ಬ್ಯಾಚಿನಲ್ಲೂ ಇದ್ದದ್ದೇ. ಬೆಳಕು ಜಾಸ್ತಿಯಾದರೆ ಚೆನ್ನಾಗಿ ಕಾಣುತ್ತದೆ ಅನ್ನೋ ನಂಬಿಕೆ. ನಾವು ಹುಡುಕುವುದೇ ಕಪ್ಪನ್ನು. ಮಂಜು ಕವಿದರೆ ತೆಳು ನೀರಿನ ಪಟ್ಟಿ ಅದರಲ್ಲೇ ಮುಚ್ಚಿಹೋಗುತ್ತದೆ.

ಅಷ್ಟರಲ್ಲಿ ಹುಡುಗಿ ಅಂದಳು, "ಮೇಡಂ, ಕಿಡ್ನಿ ನಡುವೆ ಕಪ್ಪಗಿದೆಯಲ್ಲ?"

ನಿಜವೇ. ಕಿಡ್ನಿಯ ನಡುಭಾಗ ಸಾಮಾನ್ಯವಾಗಿ ಬೆಳ್ಳಗಿರುತ್ತದೆ. ಇಲ್ಲಿ ಅದರೊಳಗೆ ಕವಲೊಡೆದ ಕಪ್ಪು. ನನ್ನ ಬಲಗೈ ಆಗಲೇ ಬೆನ್ನ ಹಿಂದಿನಿಂದ ಮುಂದೆ ಬಂದಿತ್ತು. ಕಷ್ಟಪಟ್ಟು ವಾಪಸ್ ಒಯ್ದೆ. "ಕಪ್ಪು ಅಂದ್ರೆ ಏನೇನಿರಬಹುದು?"

"ಮೂತ್ರ ಕಟ್ಟಿರಬಹುದು. ಇಲ್ಲಾ ರಕ್ತನಾಳ." ಕೇಳದೆಯೇ, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಒತ್ತಿದಳು. ಪಕ್ಕದ ನಾಳಗಳಲ್ಲಿ ಕೆಂಪು ನೀಲಿ ಮಿನುಗಿತು, ಕಪ್ಪು ಕಪ್ಪಾಗಿಯೇ ಉಳಿಯಿತು. ಶಭಾಷ್ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ, ಪರೀಕ್ಷೆಯಲ್ಲಿ ಉತ್ತರ ಹೊಳೆದ ಹುರುಪಿನಲ್ಲಿ, ಗಟ್ಟಿಯಾಗಿ ಹೇಳಿಬಿಟ್ಟ: "ಹೈಡ್ರೋನೆಫ್ರೋಸಿಸ್!" ಮೂತ್ರ ಕಟ್ಟಿ ಕಿಡ್ನಿಯ ಒಳಗು ಹಿಗ್ಗುವುದಕ್ಕೆ ಇರುವ ಹೆಸರು.

ಮಲಗಿದ್ದ ಹುಡುಗ ಪರದೆ ನೋಡುತ್ತಿರಲಿಲ್ಲ, ನಮ್ಮ ಮುಖಗಳನ್ನು ನೋಡುತ್ತಿದ್ದ. "ನನಗೇನಾದ್ರೂ ಆಗಿದ್ಯಾ ಮೇಡಂ?"

ತಪ್ಪು ಗಟ್ಟಿಯಾಗಿ ಹೇಳಿದವನದಲ್ಲ, ನನ್ನದು. ಏನಾದರೂ ಕಂಡರೆ ಏನು ಮಾಡೋಣ, ಯಾರ ಎದುರಿಗೆ ಹೇಳಲಿ, ಹೇಳಲೇ ಬೇಕಾ ಅಂತ ಮಲಗಿದ್ದ ಹುಡುಗನನ್ನು ಮುಂಚೆಯೇ ಕೇಳಿರಲೇ ಇಲ್ಲ. ವಿದ್ಯಾರ್ಥಿ ಅಂದಮೇಲೆ ಆರೋಗ್ಯವಂತ ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಈಗ ಮೊದಲೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳುತ್ತೇನೆ. ಮಲಗುವುದಿಲ್ಲ ಅನ್ನುವವರಿಗೆ ಕಾರಣ ಕೇಳುವುದಿಲ್ಲ.

ಎಡಗಡೆ ನೋಡಲು ಹೇಳಿದೆ. ಅಲ್ಲೂ ಅಷ್ಟೇ ಕಪ್ಪು. ಎರಡೂ ಕಡೆ ಒಂದೇ ಸಮ ಅಂದಾಗ ನನಗೆ ಕೊಂಚ ಉಸಿರು ಬಂತು. ಪ್ರೋಬ್ ಕೆಳಗಿಳಿದಾಗ ಮೂತ್ರಕೋಶ ಪರದೆ ತುಂಬ ಹರಡಿಕೊಂಡಿತ್ತು.

"ಬಾತ್ರೂಮಿಗೆ ಹೋಗಿ ಎಷ್ಟು ಹೊತ್ತಾಯ್ತಪ್ಪ?"

"ನೀವೇ ತಡ್ಕೋ ಅಂದ್ರಲ್ಲ ಮೇಡಂ."

ನಗು ಬಂತು, ಆದರೆ ಅವನು ನಗಲಿಲ್ಲ. ಮೂತ್ರಕೋಶ ಅತಿಯಾಗಿ ತುಂಬಿದರೆ ಕೆಲವೊಮ್ಮೆ ಕಿಡ್ನಿಯಿಂದ ಇಳಿಯಬೇಕಾದ್ದು ಮೇಲೆಯೇ ನಿಂತು ಒಳಗಿನ ಜಾಗ ಹಿಗ್ಗಿರುತ್ತದೆ, ಖಾಲಿಯಾದ ಮೇಲೆ ಇಳಿದುಹೋಗುತ್ತದೆ ಅಂತ ವಿವರಿಸಿ ಕಳಿಸಿದೆ. ಇಳಿಯದಿದ್ದರೆ ರೇಡಿಯಾಲಜಿಯವರ ಹತ್ತಿರ ಪೂರ್ತಿ ಸ್ಕ್ಯಾನ್ ಮಾಡಿಸೋಣ, ನಾನೇ ಜೊತೆಗೆ ಬರುತ್ತೇನೆ ಅಂತಲೂ ಹೇಳಿದೆ. ಅರ್ಧ ಗಂಟೆ ಕಾದೆವು. ಆ ಹೊತ್ತಿನಲ್ಲಿ ಬೇರೆ ಏನು ಕಲಿಸಿದೆನೋ ನೆನಪಿಲ್ಲ.

ಅದೇ ಹುಡುಗಿಯೇ ಮತ್ತೆ ಇಟ್ಟಳು. ಈ ಸಲ ಕಿರುಬೆರಳು ತಾನಾಗಿ ಊರಿತು. ಕಿಡ್ನಿ ಬಂತು. ನಡುವೆ ಬಿಳಿ, ಬರೀ ಬಿಳಿ. ಎಡಗಡೆಯೂ ಹಾಗೇ.

ಹುಡುಗ ತಲೆ ಎತ್ತಿ ಪರದೆಯನ್ನು ಬಹಳ ಹೊತ್ತು ನೋಡಿದ. "ನಾನೇ ಒಂದ್ಸಲ ನೋಡ್ಲಾ?" ಅಂದ. ಅರ್ಧ ಒರಗಿ ಕೂತು, ಪ್ರೋಬ್ ಇಸಿದುಕೊಂಡು, ಪೆನ್ನಿನ ಹಾಗೆ ಹಿಡಿದು ತನ್ನದೇ ಪಕ್ಕೆಗೆ ಇಟ್ಟ.

"ಏನೂ ಬರ್ತಿಲ್ಲ."

ಹುಡುಗಿಯ ಕೈ ಮುಂದೆ ಚಾಚಿತು. ನನ್ನ ಕಡೆ ಒಮ್ಮೆ ನೋಡಿದಳು. ಜೆಲ್ ಮೆತ್ತಿದ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, "ಮೊದಲು ಕಿರುಬೆರಳು ಊರೋ" ಅಂದಳು.